ಜೂನ್‌ಗೆ ಮುಂಚೆ ಇಪ್ಪತ್ತು ಸಾವಿರ

ಮಾರ್ಚ್ ಬಂತೆಂದರೆ ಶಿವಾಜಿನಗರದ ನಮ್ಮ ಬೀದಿಯ ಹೆಂಗಸರ ಮಾತು ತಿರುಗಿ ತಿರುಗಿ ಸ್ಕೂಲ್ ಫೀಸಿಗೇ ಬಂದು ನಿಲ್ಲುತ್ತದೆ. ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಪಕ್ಕದ ಮನೆಯಾಕೆ ಈ ಸಲ ಸುತ್ತಿ ಬಳಸದೆ ಕೇಳಿದಳು: "ಅಕ್ಕಾ, ನೀವು ದುಡ್ಡಿನ ವಿಷಯ ಬರೀತೀರಲ್ಲ, ಜೂನ್ ಹೊತ್ಗೆ ನಂಗೆ ಇಪ್ಪತ್ತು ಸಾವಿರ ಬೇಕು. ಎಲ್ಲಿಂದ ಉಳಿಸ್ಲಿ?"

ಆಕೆಯ ಗಂಡ ಗುಜರಿ ಮಾರ್ಕೆಟ್ಟಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೆಲಸದವನು. ಇಬ್ಬರ ಸಂಬಳ ಸೇರಿ 38,000 ರೂಪಾಯಿ. ಅದರಲ್ಲಿ ಬಾಡಿಗೆಗೇ 11,000. ಇಂಥ ಮನೆಗೆ "ಹೋಟೆಲ್ ಬಿಡಿ, ಸಿನಿಮಾ ಬಿಡಿ" ಎಂದು ಹೇಳುವುದು ಸರಿಯಲ್ಲ. ಅವರು ಅದನ್ನೆಲ್ಲ ಬಿಟ್ಟು ಎಷ್ಟೋ ಕಾಲವಾಗಿದೆ. ನಮ್ಮ ಮನೆಯಲ್ಲೂ ಕೈ ಬಿಗಿಯಾಗಿದ್ದ ವರ್ಷಗಳಿದ್ದವು. ಆಗ ನಾನು ಕಲಿತದ್ದೇನೆಂದರೆ, ಅವಸರದಲ್ಲಿ ಹಣ ಉಳಿಸಬೇಕಾದರೆ ಊಟ, ತಿಂಡಿಯ ಮೇಲೆ ಕೈಯಿಡಬಾರದು. ಯಾವ ದುಡ್ಡು ಕೊಟ್ಟರೂ ನಮಗೆ ಏನೂ ಬರುವುದಿಲ್ಲವೋ ಅದನ್ನು ಮೊದಲು ಹುಡುಕಬೇಕು. ಬಹಳ ಮನೆಗಳಲ್ಲಿ ಅದು ಬಡ್ಡಿ.

"ಏನಾದ್ರೂ ಅಡ ಇದ್ಯಾ?" ಎಂದು ಕೇಳಿದೆ. ಇತ್ತು. ತಾಯಿ ಕೊಟ್ಟ ಸರ ಗಿರವಿ ಅಂಗಡಿಯಲ್ಲಿತ್ತು. 60,000 ರೂಪಾಯಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ಎರಡು ರೂಪಾಯಿ ಎಂದಾಗ ಹಗುರವಾಗಿ ಕೇಳಿಸುತ್ತದೆ. ಅದು ತಿಂಗಳ ಲೆಕ್ಕ. ವರ್ಷಕ್ಕೆ ಶೇ 24 ಆಯಿತು, ಅಂದರೆ ಪ್ರತಿ ತಿಂಗಳೂ 1,200 ರೂಪಾಯಿ. ಅದೇ ಸರವನ್ನು ಬ್ಯಾಂಕಿನಲ್ಲಿ ಇಟ್ಟಿದ್ದರೆ ವರ್ಷಕ್ಕೆ ಶೇ 10 ಎಂದು ಹಿಡಿದರೂ ತಿಂಗಳಿಗೆ 500. ಕೂತಲ್ಲೇ 700 ರೂಪಾಯಿ ಉಳಿತಾಯ, ಮನೆಯಲ್ಲಿ ಯಾರೂ ಒಂದು ತುತ್ತು ಕಡಿಮೆ ತಿನ್ನದೆ.

ಆದರೆ ಸರ ಬಿಡಿಸಲು 60,000 ಒಟ್ಟಿಗೆ ಬೇಕಲ್ಲ? ಎಲ್ಲರೂ ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ನಮ್ಮತ್ತೆಯ ಆಪರೇಷನ್‌ಗೆಂದು ನನ್ನ ಸರ ಅಡವಿಟ್ಟಿದ್ದಾಗ ನಾನು ಮಾಡಿದ್ದು ಇಷ್ಟೇ: ಕೈಯಲ್ಲಿದ್ದ ಬಳೆಗಳನ್ನು ಬ್ಯಾಂಕಿಗೆ ಒಯ್ದೆ. ಅಲ್ಲಿ ಚಿನ್ನ ಪರೀಕ್ಷೆ ಮಾಡುವವರು ಒರೆಗಲ್ಲಿಗೆ ಉಜ್ಜಿ, ತೂಕ ಹಾಕಿ, ಕಲ್ಲಿನ ತೂಕ ಕಳೆದು ಚೀಟಿ ಬರೆದರು. ಆ ಸಾಲದ ಹಣದಲ್ಲಿ ಅದೇ ಮಧ್ಯಾಹ್ನ ಸರ ಬಿಡಿಸಿಕೊಂಡೆ. ಚಿನ್ನದ ಬೆಲೆ ಈಚೆಗೆ ವಿಪರೀತ ಏರಿರುವುದರಿಂದ ಹಿಂದೆ ಸರಕ್ಕೆ ಸಿಕ್ಕಿದ್ದಷ್ಟು ಸಾಲ ಈಗ ಕಡಿಮೆ ತೂಕದ ಬಳೆಗೇ ಸಿಗುತ್ತದೆ. ಒಂದು ಎಚ್ಚರ: "ನಿಮ್ಮ ಚಿನ್ನಕ್ಕೆ ಇನ್ನೂ ಜಾಸ್ತಿ ಬರತ್ತೆ ಮೇಡಂ, ತಗೋತೀರಾ?" ಎಂದು ಕೌಂಟರಿನಲ್ಲಿ ಕೇಳುತ್ತಾರೆ. ಬೇಡ ಅನ್ನಿ. ಹಳೆಯ ಸಾಲ ತೀರಿಸಲು ಬೇಕಾದಷ್ಟನ್ನು ಮಾತ್ರ ತೆಗೆದುಕೊಳ್ಳಿ. ದುಬಾರಿ ಬಡ್ಡಿಯ ಸಾಲವನ್ನು ಮೊದಲು ತೀರಿಸಬೇಕೆಂಬ ಮಾತು ಕ್ರೆಡಿಟ್ ಕಾರ್ಡಿನಲ್ಲಿ ಬಾಕಿ ಉಳಿಸಿಕೊಂಡವರಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಅಲ್ಲಿ ಬಡ್ಡಿ ತಿಂಗಳಿಗೆ ಶೇ 3ರ ಮೇಲೆಯೇ ಇರುತ್ತದೆ.

ಎರಡನೆಯದು ಓಡಾಟ. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದ ಮೇಲೆ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ನಮಗಂತೂ ಶಿವಾಜಿನಗರ ಬಸ್ ನಿಲ್ದಾಣ ಕಾಲ್ನಡಿಗೆಯ ದೂರದಲ್ಲೇ ಇದೆ, ಊರಿನ ಯಾವ ದಿಕ್ಕಿಗೂ ಅಲ್ಲಿಂದ ಬಸ್ಸಿದೆ. ಹಾಗಿದ್ದೂ ದುಡ್ಡು ಹೋಗುವುದು ಆಟೊಗೆ, ಅದರಲ್ಲೂ ಹತ್ತಿರದ ದಾರಿಗೆ. 2025ರ ಆಗಸ್ಟ್‌ನಿಂದ ಮೀಟರಿನ ಕನಿಷ್ಠ ದರ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಇಲ್ಲಿಂದ ಹಲಸೂರಿಗೆ ಮೂರು ಕಿಲೋಮೀಟರ್ ಹಿಡಿದರೆ 54. ಮೀಟರ್ ಹಾಕದಿದ್ದರೆ ಅವರು ಕೇಳಿದ್ದು. ಪಕ್ಕದ ಮನೆಯಾಕೆ ತಾಯಿಯನ್ನು ನೋಡಿಬರಲು ಹಲಸೂರಿಗೆ ಹೋಗಿ ಬರುವುದೆಲ್ಲ ಆಟೊದಲ್ಲೇ. "ಬಸ್ಸಿಗೆ ಕಾಯೋಕೆ ಆಗಲ್ಲ ಅಕ್ಕಾ, ನಿಂತೂ ನಿಂತೂ ಕಾಲು ಬಿದ್ದೋಗಿರತ್ತೆ" ಎಂದಳು. ದಿನವಿಡೀ ಅಂಗಡಿಯಲ್ಲಿ ನಿಂತು ಕೆಲಸ ಮಾಡುವವಳ ಆ ಮಾತನ್ನು ತಳ್ಳಿಹಾಕಲಾಗದು. ಬರುವಾಗ ಆಟೊ ಇರಲಿ, ಹೋಗುವಾಗ ಬಸ್ಸು ಎಂದು ಇಬ್ಬರೂ ಒಪ್ಪಿಕೊಂಡೆವು. ಅಷ್ಟರಿಂದಲೇ ತಿಂಗಳಿಗೆ 700, 800 ನಿಲ್ಲುತ್ತದೆ. ಗಂಡಸರಿಗೆ ಬಸ್ ಪಾಸು ಎಲ್ಲ ಸಂದರ್ಭದಲ್ಲೂ ಲಾಭವಲ್ಲ. 2025ರ ಜನವರಿಯಲ್ಲಿ ದರ ಏರಿದ ಮೇಲೆ ಬಿಎಂಟಿಸಿಯ ಸಾಮಾನ್ಯ ಮಾಸಿಕ ಪಾಸು 1,200 ರೂಪಾಯಿ ಆಗಿದೆ. ದಿನವೂ ಕೆ.ಆರ್. ಪುರದಂಥ ದೂರಕ್ಕೆ ಬೈಕಿನಲ್ಲಿ ಹೋಗುವವನಿಗೆ ಪೆಟ್ರೋಲಿಗಿಂತ ಅದು ಅಗ್ಗ. ಎರಡು ಬೀದಿ ಆಚೆ ಕೆಲಸಕ್ಕೆ ಹೋಗುವವನಿಗೆ ಪಾಸೂ ಬೇಡ, ಪೆಟ್ರೋಲೂ ಬೇಡ.

ಕರೆಂಟಿನ ವಿಷಯ ಚಿಕ್ಕದು, ಆದರೆ ತಿಳಿದಿರಬೇಕು. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯಲ್ಲಿ ಬಳಕೆ 200 ಯೂನಿಟ್ ದಾಟಿದ ತಿಂಗಳು ಇಡೀ ಬಿಲ್ಲು ನಮ್ಮ ತಲೆಗೆ ಬರುತ್ತದೆ. ಬೇಸಿಗೆಯಲ್ಲಿ ಫ್ಯಾನು ಹಗಲೂ ರಾತ್ರಿ ತಿರುಗುವಾಗ ದಾಟುವ ಅಪಾಯ ಜಾಸ್ತಿ. ಹಳೆಯ ಫ್ಯಾನು ಸುಮಾರು 75 ವ್ಯಾಟ್ ಎಳೆಯುತ್ತದೆ, ಹೊಸ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ದಿನಕ್ಕೆ 12 ಗಂಟೆ ತಿರುಗಿದರೆ ಒಂದು ಫ್ಯಾನಿನಿಂದಲೇ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ. ಮೂರು ತಿಂಗಳ ಗುರಿ ಇಟ್ಟುಕೊಂಡವರು ಈಗ ಹೊಸ ಫ್ಯಾನು ಕೊಳ್ಳುವುದು ಬೇಡ, ಮೀಟರನ್ನು ವಾರಕ್ಕೊಮ್ಮೆ ನೋಡಿ ಗೀಸರಿನ ಮೇಲೆ ಹಿಡಿತವಿಟ್ಟರೆ ಸಾಕು. ಎರಡು ಕಿಲೋವ್ಯಾಟ್ ಗೀಸರು ಒಂದು ಗಂಟೆ ಉರಿದರೆ ಎರಡು ಯೂನಿಟ್ ಹೋಯಿತು.

ಔಷಧದ ಬಗ್ಗೆ ನನಗೆ ಬಲವಾದ ಅಭಿಪ್ರಾಯವಿದೆ. ಬಿ.ಪಿ., ಶುಗರ್ ಇರುವ ಹಿರಿಯರು ಮನೆಯಲ್ಲಿದ್ದರೆ ಮಾತ್ರೆ ಕೂಡ ಅಕ್ಕಿ, ಬೇಳೆಯ ಹಾಗೆ ತಿಂಗಳ ಸಾಮಾನೇ ಆಗಿಬಿಡುತ್ತದೆ, ಆದರೆ ಅದರ ರೇಟನ್ನು ಯಾರೂ ವಿಚಾರಿಸುವುದಿಲ್ಲ. ನಮ್ಮತ್ತೆಯ ಡಾಕ್ಟರ ಹತ್ತಿರ ಮಾತ್ರೆಗಳ ಮೂಲ ಹೆಸರನ್ನೇ ಬರೆಸಿಕೊಂಡು ಜನೌಷಧಿ ಕೇಂದ್ರಕ್ಕೆ ಹೋದೆ. ಬಿಲ್ಲು ಅರ್ಧಕ್ಕಿಂತ ಕೆಳಗೆ ಇಳಿಯಿತು. ಅಲ್ಲಿನ ಬೆಲೆ ಬ್ರಾಂಡಿನ ಮಾತ್ರೆಗಿಂತ ಶೇ 50ರಿಂದ 80ರಷ್ಟು ಕಡಿಮೆ ಇರುವುದು ಸಾಮಾನ್ಯ. ಡಾಕ್ಟರನ್ನು ಕೇಳದೆ ಮಾತ್ರೆ ಬದಲಿಸಬೇಡಿ, ಆದರೆ ಕೇಳಲು ಸಂಕೋಚವೂ ಬೇಡ. ನಾನು ಕೇಳಿದಾಗ ಅವರು ಮುಖ ಗಂಟಿಕ್ಕಲಿಲ್ಲ, "ಒಳ್ಳೇದಾಯ್ತು" ಎಂದೇ ಬರೆದುಕೊಟ್ಟರು.

ಇನ್ನು ಮಾರ್ಕೆಟ್ಟು. 1927ರಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್ ನಮ್ಮ ನೆರೆಯಲ್ಲಿರುವುದು ದೊಡ್ಡ ಭಾಗ್ಯ. ಫೋನಿನಲ್ಲಿ ಒತ್ತಿದರೆ ಹತ್ತು ನಿಮಿಷದಲ್ಲಿ ತರಕಾರಿ ಬಾಗಿಲಿಗೆ ಬರುವ ಈ ಕಾಲದಲ್ಲೂ ನಾನು ಚೀಲ ಹಿಡಿದು ಅಲ್ಲಿಗೇ ಹೋಗುತ್ತೇನೆ, ಹೊತ್ತು ನೋಡಿಕೊಂಡು. ಬೆಳಿಗ್ಗೆ ಮಾಲು ಇಳಿದಾಗ ಒಂದು ರೇಟು, ಸಂಜೆ ದೀಪ ಹಚ್ಚಿದ ಮೇಲೆ ಇನ್ನೊಂದು. ಸೊಪ್ಪು, ಟೊಮೆಟೊ, ಹಣ್ಣಾದ ಪಪ್ಪಾಯಿಗಳನ್ನು ನಾಳೆಗೆ ಇಡಲಾಗದು ಎಂದು ಮಾರುವವರಿಗೆ ಗೊತ್ತು. ಆಗ ಬೀದಿ ಬದಿಯವರು ತಕ್ಕಡಿ ಪಕ್ಕಕ್ಕಿಟ್ಟು ಗುಡ್ಡೆ ಹಾಕುತ್ತಾರೆ. "ಗುಡ್ಡೆ ಇಪ್ಪತ್, ಗುಡ್ಡೆ ಇಪ್ಪತ್" ಎಂದು ಕನ್ನಡ, ತಮಿಳು, ಉರ್ದು ಮೂರರಲ್ಲೂ ಕೂಗು ಕೇಳುತ್ತದೆ. ಗುಡ್ಡೆ ಕೊಳ್ಳುವಾಗ ಮೇಲಿನ ನಾಲ್ಕು ಟೊಮೆಟೊ ನೋಡಿ ಮರುಳಾಗಬಾರದು. ಕೈಯಿಂದ ಒಂದು ಸಲ ಮಗುಚಿ ಅಡಿಯಲ್ಲೇನಿದೆ ಎಂದು ನೋಡಿ, ಮೆತ್ತಗಾದದ್ದಿದ್ದರೆ ಬದಲಿಸಿ ಕೊಡಿ ಎನ್ನಬೇಕು. ಅವರೂ ಕೊಡುತ್ತಾರೆ, ಮೇಲೆ ಒಂದು ಹಿಡಿ ಕೊತ್ತಂಬರಿ ಕೊಸರು ಹಾಕುತ್ತಾರೆ. ರೇಟಿಗಾಗಿ ಹತ್ತು ನಿಮಿಷ ಜಗ್ಗಾಡುವುದು ನನಗೆ ಸೇರದು. ದಿನವಿಡೀ ಬಿಸಿಲಲ್ಲಿ ಕೂತವರ ಎರಡು ರೂಪಾಯಿಯಿಂದ ನಮ್ಮ ಮನೆಯ ಫೀಸು ತುಂಬುವುದಿಲ್ಲ. ನಮಗೆ ಉಳಿಯುವುದು ಹೋಗುವ ಹೊತ್ತಿನಿಂದ, ಮತ್ತು ಚೀಟಿ ಬರೆದುಕೊಂಡು ಹೋಗಿ ಅದರಲ್ಲಿಲ್ಲದ್ದನ್ನು ಕೊಳ್ಳದೆ ಬರುವುದರಿಂದ. ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿಗಳನ್ನು ಬೇಸಿಗೆಯ ಸುಗ್ಗಿಯಲ್ಲೇ ವರ್ಷಕ್ಕಾಗುವಷ್ಟು ತೆಗೆದಿಡುವುದು ಒಳ್ಳೆಯದೇ. ಅದರ ಉಳಿತಾಯ ವರ್ಷದ ಕೊನೆಗೆ ಕಾಣುತ್ತದೆ, ಜೂನ್‌ಗಲ್ಲ.

ಮಿಕ್ಕಿದ್ದು ಫೋನಿನಲ್ಲಿ ಹೋಗುವ ಚಿಲ್ಲರೆ. ಟೀ, ಬನ್ನು, ಮಗುವಿಗೊಂದು ಚಾಕೊಲೇಟು, ಅರ್ಧ ಕೆ.ಜಿ. ಏನೋ ಒಂದು. ನೋಟು ಬಿಡಿಸುವಾಗ ಕೈ ಒಂದು ಗಳಿಗೆ ತಡೆಯುತ್ತಿತ್ತು, ಸ್ಕ್ಯಾನ್ ಮಾಡುವಾಗ ಆ ತಡೆ ಇಲ್ಲ. ಪಕ್ಕದ ಮನೆಯಾಕೆಯ ಫೋನಿನಲ್ಲಿ ಹಿಂದಿನ ತಿಂಗಳ ಪಾವತಿಗಳನ್ನು ಇಬ್ಬರೂ ಕೂತು ಕೂಡಿಸಿದೆವು. ನೂರು ರೂಪಾಯಿಯೊಳಗಿನವೇ ಸೇರಿ 3,900 ಆಗಿತ್ತು. "ಇಷ್ಟು ನಾನು ಎಲ್ಲಿ ಕೊಟ್ಟೆ!" ಎಂದಳು. ಎಲ್ಲವೂ ಬೇಕಾದದ್ದೇ ಎನಿಸಿದ್ದವು, ಒಂದೂ ನೆನಪಿನಲ್ಲಿ ಉಳಿದಿರಲಿಲ್ಲ. ಸಂಬಳ ಬೀಳುವ ಖಾತೆಯನ್ನು ಫೋನಿನ ಪಾವತಿಗೆ ಜೋಡಿಸಬಾರದು ಎಂಬುದು ನಾನು ಎಲ್ಲರಿಗೂ ಹೇಳುವ ಮಾತು. ಇನ್ನೊಂದು ಖಾತೆ ತೆರೆದು ಸೋಮವಾರ ಸೋಮವಾರ ಆ ವಾರದ ಖರ್ಚಿನಷ್ಟನ್ನೇ ಅದಕ್ಕೆ ಹಾಕಿ, ಅದನ್ನು ಮಾತ್ರ ಫೋನಿಗೆ ಜೋಡಿಸಿ. ಗುರುವಾರವೇ ಖಾಲಿಯಾದರೆ ಗುರುವಾರವೇ ಗೊತ್ತಾಗುತ್ತದೆ. ಎರಡನೇ ಖಾತೆಗೆ ಮಿನಿಮಮ್ ಬ್ಯಾಲೆನ್ಸ್ ದಂಡ ಬೀಳುತ್ತದೆಂಬ ಭಯ ಈಗ ಅನೇಕ ಕಡೆ ಇಲ್ಲ. ಸ್ಟೇಟ್ ಬ್ಯಾಂಕ್ 2020ರಲ್ಲೇ ಅದನ್ನು ತೆಗೆಯಿತು, ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ.

ಹೀಗೆ ಕೂಡಿಸುತ್ತ ಹೋದಾಗ ಬಡ್ಡಿಯಲ್ಲಿ 700, ಆಟೊದಲ್ಲಿ 750, ಆಕೆಯ ಅತ್ತೆಯ ಔಷಧದಲ್ಲಿ 600, ಮಾರ್ಕೆಟ್ಟಿನಲ್ಲಿ 900, ಚಿಲ್ಲರೆಯಲ್ಲಿ 1,800 ಸಿಕ್ಕಿತು. ತಿಂಗಳಿಗೆ 4,750, ಮೂರು ತಿಂಗಳಿಗೆ 14,250. ಇಪ್ಪತ್ತು ಸಾವಿರ ಆಗಲಿಲ್ಲ. ಉಳಿದದ್ದಕ್ಕೆ ಇನ್ನಷ್ಟು ಹಿಂಡುವ ಬದಲು ಶಾಲೆಯವರನ್ನು ಎರಡು ಕಂತು ಕೇಳು ಎಂದೆ. ಏಪ್ರಿಲ್‌ನಲ್ಲೇ ಹೋಗಿ, ಅರ್ಜಿ ಬರೆದು ಕೇಳಿದರೆ ಕೊಡುವ ಶಾಲೆಗಳು ಬಹಳ ಇವೆ. ಕೊನೆಯ ದಿನ ಬಾಗಿಲಲ್ಲಿ ನಿಂತು ಕೇಳಿದರೆ ಕಷ್ಟ.

ಹೀಗೆ ಉಳಿದ ಹಣ ಅವತ್ತೇ ಬೇರೆ ಕಡೆ ಹೋಗಬೇಕು. ಮನೆಯಲ್ಲಿಟ್ಟರೆ ಮತ್ತೊಂದು ಖರ್ಚು ಅದನ್ನು ಹುಡುಕಿಕೊಂಡು ಬರುತ್ತದೆ. ಈ ವಿದ್ಯೆಯಲ್ಲಿ ಕರ್ನಾಟಕ ದೇಶಕ್ಕೇ ಮೊದಲಿಗ. ಉಡುಪಿಯಲ್ಲಿ 1925ರಲ್ಲಿ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ ಕೊಟ್ಟರೂ ಏಜೆಂಟು ಬಾಗಿಲಿಗೇ ಬಂದು ಬರೆದುಕೊಳ್ಳುತ್ತಿದ್ದ. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾದಲ್ಲಿ ವಿಲೀನವಾಯಿತು, ಪಿಗ್ಮಿ ಎಂಬ ಹೆಸರು ಮಾತ್ರ ನಮ್ಮ ಅಂಗಡಿ ಬೀದಿಗಳಲ್ಲಿ ಉಳಿದಿದೆ. ನಾನು ಬಳೆ, ಪಿನ್ನು ಕೊಳ್ಳುವ ಅಂಗಡಿಗೆ ಸಂಜೆ ಪಿಗ್ಮಿಯವರು ಬರುತ್ತಾರೆ. ಅಂಗಡಿಯವರು ಗಲ್ಲಾಪೆಟ್ಟಿಗೆಯಿಂದ ನೂರರ ನೋಟೊಂದನ್ನು ಮೊದಲು ತೆಗೆದು ಕೊಟ್ಟು, ಅಂಗೈಯಗಲದ ಯಂತ್ರದಿಂದ ಬಂದ ಚೀಟಿ ಇಸಿದುಕೊಂಡು, ಆಮೇಲೆಯೇ ಆ ದಿನದ ವ್ಯಾಪಾರ ಎಣಿಸಲು ಕೂರುತ್ತಾರೆ. ದಿನದ ದುಡಿಮೆಯವರಿಗೆ ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ. ಬಡ್ಡಿ ಕಡಿಮೆ, ಅವಧಿಗೆ ಮುಂಚೆ ತೆಗೆದರೆ ಕಡಿತವೂ ಇರುತ್ತದೆ, ಕೇಳಿಕೊಂಡೇ ಸೇರಬೇಕು. ತಿಂಗಳ ಸಂಬಳದವರಿಗೆ ಅಂಚೆ ಕಚೇರಿಯ ಆರ್‌.ಡಿ. ಇದೆ, ತಿಂಗಳಿಗೆ ನೂರು ರೂಪಾಯಿಯಿಂದಲೂ ಕಟ್ಟಬಹುದು. ಆದರೆ ಅದು ಐದು ವರ್ಷದ್ದು, ಮೂರು ವರ್ಷ ತುಂಬದೆ ಮುಚ್ಚಲು ಬಿಡುವುದಿಲ್ಲ. ಜೂನ್ ಫೀಸಿಗೆ ಅದು ಆಗದು. ಎ.ಟಿ.ಎಂ. ಕಾರ್ಡಿಲ್ಲದ, ಫೋನಿಗೆ ಜೋಡಿಸದ ಮೂರನೆಯ ಉಳಿತಾಯ ಖಾತೆ ಸಾಕು.

ಇಷ್ಟು ಹೇಳಿ ಮುಗಿಸುವಾಗ ಆಕೆ ಇನ್ನೊಂದು ಕೇಳಿದಳು: "ಯಾರೋ ತಿಂಗಳಿಗೆ ಒಳ್ಳೆ ಲಾಭ ಕೊಡ್ತಾರಂತೆ, ಅಲ್ಲಿ ಹಾಕಿದ್ರೆ?" ಶಿವಾಜಿನಗರದಲ್ಲಿ ಕೂತು ಈ ಪ್ರಶ್ನೆ ಕೇಳಿದಾಗ ನನಗೆ ಎದೆ ಝಲ್ಲೆನ್ನುತ್ತದೆ. ಒಳ್ಳೆ ಲಾಭದ ಮಾತು ಕೊಟ್ಟು ಜನರಿಂದ ಹಣ ಕಟ್ಟಿಸಿಕೊಂಡ ಐಎಂಎ ಕಂಪನಿಯ ಕಚೇರಿ ಇದ್ದದ್ದು ಇಲ್ಲೇ. 2019ರ ಜೂನ್‌ನಲ್ಲಿ ಅದರ ಮುಖ್ಯಸ್ಥ ದೇಶ ಬಿಟ್ಟು ಹೋದ ಸುದ್ದಿ ಬಂದಾಗ ರಸೀದಿ ಹಿಡಿದ ಜನ ಆ ರಸ್ತೆಯಲ್ಲಿ ತುಂಬಿಹೋಗಿದ್ದರು. ದೂರುಗಳು ಸಾವಿರಗಟ್ಟಲೆ ಬಂದವು, ತನಿಖೆ ಎಸ್ಐಟಿಯಿಂದ ಸಿಬಿಐಗೆ ಹೋಯಿತು. ಮಗಳ ಮದುವೆಗೆ, ಮನೆ ಕಟ್ಟಲಿಕ್ಕೆ ಎಂದು ವರ್ಷಗಟ್ಟಲೆ ಹನಿ ಹನಿಯಾಗಿ ಕೂಡಿಸಿದವರ ಹಣ ಅದರಲ್ಲಿತ್ತು. ಅವರಿಗೆ ಉಳಿತಾಯ ಮಾಡುವುದು ನಮಗಿಂತ ಚೆನ್ನಾಗಿ ಗೊತ್ತಿತ್ತು.

ಯಾರಾದರೂ ಠೇವಣಿ ಕೇಳಿದರೆ ಹಣ ಕೊಡುವ ಮೊದಲು ರಿಸರ್ವ್ ಬ್ಯಾಂಕಿನ ಸಚೇತ್ ಜಾಲತಾಣದಲ್ಲಿ ಆ ಸಂಸ್ಥೆಗೆ ಅನುಮತಿ ಇದೆಯೇ ನೋಡಿ, ಅಲ್ಲೇ ದೂರನ್ನೂ ಕೊಡಬಹುದು. ಚೀಟಿ ಕಟ್ಟುವುದಾದರೆ 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ನೋಂದಣಿಯಾದದ್ದೇ ಎಂದು ಕೇಳಿ. ಸರ್ಕಾರದ ಎಂಎಸ್ಐಎಲ್ ಕೂಡ ಚೀಟಿ ನಡೆಸುತ್ತದೆ. ಬ್ಯಾಂಕಿನಲ್ಲಿಟ್ಟ ಠೇವಣಿಗೆ, ಸಹಕಾರಿ ಬ್ಯಾಂಕಾದರೂ ಸರಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ. ಸಹಕಾರ ಸೊಸೈಟಿಗಳಿಗೆ ಆ ವಿಮೆ ಇಲ್ಲ. ಬೋರ್ಡಿನ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಹಾಗಾಗಿ ಪಿಗ್ಮಿಗೆ ಸೇರುವ ದಿನವೇ "ನಿಮ್ಮದು ಬ್ಯಾಂಕೋ, ಸೊಸೈಟಿಯೋ?" ಎಂದು ಕೇಳಿ, ಪಾಸ್‌ಬುಕ್ಕಿನಲ್ಲಿ ಅಚ್ಚಾಗಿರುವ ಹೆಸರನ್ನು ಓದಿ ನೋಡಿ.