ಬೆಕ್ಕು ಏಳು ಮನೆ ಯಾಕೆ ತಿರುಗುತ್ತೆ?



ಈ ಸಲದ ಗೋಡೆ ಪತ್ರಿಕೆಗೆ ನಾನು ಬೆಕ್ಕಿನ ಸಂತಾನದ ಬಗ್ಗೆ ಬರೆದಿದ್ದೇನೆ. ನಗುವವರು ಈಗಲೇ ನಕ್ಕು ಮುಗಿಸಿ, ಆಮೇಲೆ ಓದಿ. ಹೂವಿನ ಪರಾಗಸ್ಪರ್ಶವನ್ನು ಹಲಗೆ ಮೇಲೆ ಚಿತ್ರ ಬರೆದು ಕಲಿಯುತ್ತೇವಲ್ಲ, ಇದೂ ಅದೇ ಪಾಠ. ಪುಸ್ತಕದಲ್ಲಿ ಓದಿದ್ದರ ಜೊತೆಗೆ ನಮ್ಮ ಮನೆಯ ಕರೀ ಬೆಕ್ಕನ್ನು ನೋಡಿ ಬರೆದಿಟ್ಟುಕೊಂಡದ್ದೂ ಇದರಲ್ಲಿದೆ.

ಹೆಣ್ಣು ಬೆಕ್ಕು ಸುಮಾರು ಆರು ತಿಂಗಳಿಗೇ ಬೆದೆಗೆ ಬರಬಹುದು. ಆಗ ಅದು ನೆಲದ ಮೇಲೆ ಹೊರಳಾಡುತ್ತೆ, ಕಂಬಕ್ಕೆ ಮೈ ಉಜ್ಜುತ್ತೆ, ರಾತ್ರಿಯೆಲ್ಲಾ ಮಗು ಅತ್ತ ಹಾಗೆ ರಾಗ ಎಳೆಯುತ್ತೆ. ಬೆಕ್ಕು ಅತ್ತರೆ ಅಪಶಕುನ ಅಂತ ನಮ್ಮೂರಲ್ಲಿ ಕಲ್ಲು ಹೊಡೆಯುವವರಿದ್ದಾರೆ. ಅದು ಅಳುವುದಲ್ಲ, ಗಂಡನ್ನು ಕರೆಯುವುದು. ಆ ಕೂಗಿಗೂ ವಾಸನೆಗೂ ಗಡವ ಬೆಕ್ಕುಗಳು ಬಂದು ಸೇರುತ್ತವೆ, ಹೆಂಚಿನ ಮೇಲೆ ಜಗಳ ಶುರುವಾಗುತ್ತೆ. ಬೆದೆಗೂ ಹಗಲಿನ ಉದ್ದಕ್ಕೂ ಸಂಬಂಧವಿದೆ. ಯೂರೋಪಿನಂಥ ಕಡೆ ಚಳಿಗಾಲದಲ್ಲಿ ಹಗಲು ತೀರಾ ಚಿಕ್ಕದಾಗುವುದರಿಂದ ಬೆದೆ ನಿಲ್ಲುತ್ತದೆ. ನಮ್ಮ ಕಡೆ ಅಷ್ಟು ಚಿಕ್ಕದಾಗುವುದಿಲ್ಲ, ಹಾಗಾಗಿ ಯಾವ ತಿಂಗಳಲ್ಲಾದರೂ ಮರಿ ಹಾಕಬಹುದು.

ನನಗೆ ತುಂಬಾ ಆಶ್ಚರ್ಯ ಆದ ವಿಷಯ ಮುಂದಿನದು. ಹಸು 21 ದಿನಕ್ಕೊಮ್ಮೆ ಬೆದೆಗೆ ಬರುತ್ತೆ, ಹೋರಿ ಇರಲಿ ಬಿಡಲಿ ಅದರ ಅಂಡಾಣು ಬಿಡುಗಡೆಯಾಗುತ್ತೆ. ಬೆಕ್ಕಿನಲ್ಲಿ ಹಾಗಲ್ಲ. ಸಾಮಾನ್ಯವಾಗಿ ಗಂಡಿನ ಜೊತೆ ಕೂಡಿದ ಮೇಲೆಯೇ, ಆ ಪ್ರಚೋದನೆಯಿಂದ ಒಂದೆರಡು ದಿನದಲ್ಲಿ ಅಂಡಾಣುಗಳು ಹೊರಬರುತ್ತವೆ. ಒಂದು ಸಲ ಕೂಡಿದರೆ ಎಷ್ಟೋ ವೇಳೆ ಸಾಲದು, ಹಲವು ಸಲ ಬೇಕು. ಆ ದಿನಗಳಲ್ಲಿ ಬೇರೆ ಬೇರೆ ಗಡವಗಳು ಬಂದರೆ ಒಂದೇ ಸೂಲಿನ ಮರಿಗಳಿಗೆ ಅಪ್ಪಂದಿರು ಬೇರೆ ಬೇರೆ ಆಗಬಹುದು! ನಮ್ಮ ಕರೀ ಬೆಕ್ಕಿಗೆ ಹುಟ್ಟಿದ್ದು ಎರಡು ಕಪ್ಪು, ಒಂದು ಬೂದು ಪಟ್ಟೆಯದು, ಒಂದು ಕಪ್ಪು-ಕೆಂಪು ಬೆರೆತದ್ದು. ಬೀದಿಯಲ್ಲಿ ಕೆಂಪು ಗಡವ ಒಂದಿದೆ, ಪಟ್ಟೆಯ ಗಡವ ಒಂದಿದೆ. ಬಣ್ಣ ನೋಡಿಯೇ ಅಪ್ಪ ಯಾರು ಅಂತ ಖಂಡಿತ ಹೇಳಲಾಗುವುದಿಲ್ಲ ಬಿಡಿ. ಆದರೆ ಕಪ್ಪು-ಕೆಂಪು ಬೆರೆತ ಮರಿ ಹೆಣ್ಣು ಅಂತ ಬಾಲ ಎತ್ತದೆಯೇ ಹೇಳಬಹುದು. ಕೆಂಪೋ ಕಪ್ಪೋ ಅನ್ನುವ ವಂಶವಾಹಿ ಎಕ್ಸ್ ವರ್ಣತಂತುವಿನ ಮೇಲಿದೆ. ಎರಡು ಎಕ್ಸ್ ಇರುವುದು ಹೆಣ್ಣಿಗೆ, ಆದ್ದರಿಂದ ಎರಡು ಬಣ್ಣವೂ ಸೇರುವುದು ಅದಕ್ಕೇ. ಗಂಡಿನಲ್ಲಿ ಇದು ಬಲು ಅಪರೂಪ.

ಗರ್ಭಾವಧಿ ಸುಮಾರು 63ರಿಂದ 65 ದಿನ. ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೆ, ನಮ್ಮದು 64ನೇ ದಿನ ಅಟ್ಟದ ಮೇಲಿನ ಹಳೇ ಕುಕ್ಕೆಯಲ್ಲಿ ಮರಿ ಹಾಕಿತು. ಹುಟ್ಟಿದ ಮರಿ ಸುಮಾರು 100 ಗ್ರಾಂ, ಅಂದರೆ ಎರಡು ಕೋಳಿಮೊಟ್ಟೆ ತೂಕ. ಕಣ್ಣು ಕಾಣದು, ಕಿವಿ ಕೇಳದು. ತನ್ನ ಮೈ ತಾನೇ ಬೆಚ್ಚಗಿಟ್ಟುಕೊಳ್ಳಲೂ ಆಗದು. ಮೊದಲ ವಾರಗಳಲ್ಲಿ ತಾಯಿ ಹೊಟ್ಟೆ ಕೆಳಗೆ ನೆಕ್ಕದಿದ್ದರೆ ಉಚ್ಚೆಯನ್ನೂ ಮಾಡಲಾರದು! ಮೊದಲ ದಿನದ ಗಿಣ್ಣು ಹಾಲಿನಿಂದಲೇ ರೋಗ ತಡೆಯುವ ಶಕ್ತಿ ಬರುವುದು. ಒಂದರಿಂದ ಎರಡು ವಾರದೊಳಗೆ ಕಣ್ಣು ಬಿಡುತ್ತವೆ. ಆಗ ಎಲ್ಲಾ ಮರಿಗಳ ಕಣ್ಣೂ ನೀಲಿ.

ಹನ್ನೆರಡನೇ ದಿನ ಅಪ್ಪ "ಭತ್ತದ ಮೇಲೆಲ್ಲಾ ಗಲೀಜು ಮಾಡ್ತವೆ, ಚೀಲಕ್ಕೆ ಹಾಕಿ ಕೆರೆ ಆಚೆ ಬಿಟ್ಟು ಬಾ" ಅಂದರು. ನಮ್ಮೂರಲ್ಲಿ ಇದು ಹೊಸದೇನಲ್ಲ. ಬಿಟ್ಟರೆ ಎಲ್ಲಿಯಾದರೂ ಬದುಕಿಕೊಳ್ಳುತ್ತವೆ ಅನ್ನುತ್ತಾರೆ. ಮೇಲೆ ಬರೆದದ್ದನ್ನು ಓದಿದವರು ಹೇಳಿ, ಹೇಗೆ ಬದುಕುತ್ತವೆ? ನಾನು ಇದನ್ನೆಲ್ಲಾ ಅಪ್ಪನಿಗೆ ಓದಿ ಹೇಳಿದೆ. ಅಜ್ಜಿಯೂ "ಬಾಣಂತಿ ಕಣ್ಣೀರು ಬೇಡ ಕಣಪ್ಪ, ಇರಲಿ ಬಿಡು" ಅಂದರು. ಯಾರ ಮಾತು ನಾಟಿತೋ, ಅಂತೂ ಚೀಲ ಮೂಲೆಗೆ ಹೋಯಿತು.

ಆದರೆ ಎರಡು ದಿನ ಬಿಟ್ಟು ಗಡವ ನುಗ್ಗಿ ಒಂದು ಕಪ್ಪು ಮರಿಯನ್ನು ಕೊಂದುಹಾಕಿತು. ಕೆಲವು ಗಂಡುಗಳು ತಮ್ಮದಲ್ಲದ ಮರಿಗಳನ್ನು ಹೀಗೆ ಮಾಡುತ್ತವೆ. ಮರಿ ಸತ್ತರೆ ತಾಯಿ ಬೇಗ ಬೆದೆಗೆ ಬರುತ್ತೆ, ಅದೇ ಕಾರಣ ಅಂತಾರೆ. ಅವತ್ತು ಸಂಜೆಯೇ ನಮ್ಮ ಬೆಕ್ಕು ಉಳಿದ ಮೂರನ್ನೂ ಒಂದೊಂದಾಗಿ ಕತ್ತಿನ ಚರ್ಮ ಕಚ್ಚಿ ಸೌದೆ ಕೊಟ್ಟಿಗೆಗೆ ಸಾಗಿಸಿತು. ಹಾಗೆ ಹಿಡಿದಾಗ ಮರಿ ಮುದುಡಿಕೊಂಡು ಅಲ್ಲಾಡದೆ ಇರುತ್ತೆ, ನೋವಾಗುವುದಿಲ್ಲ. ಅಲ್ಲಿಂದ ಪಕ್ಕದ ಮನೆ ಅಟ್ಟಕ್ಕೆ ಹೋಯಿತು. ಏಳು ಮನೆ ತೋರಿಸುತ್ತೆ ಅಂತ ಹೇಳುವುದು ಇದಕ್ಕೇ. ಗಡವನ ಭಯ, ಜನರ ಕಾಟ, ಜಾಗದಲ್ಲಿ ಕೂತ ವಾಸನೆ, ಇವೇ ಕಾರಣ. ನಾನು ಎಣಿಸಿದ್ದು ಮೂರೇ ಜಾಗ.

ಮನುಷ್ಯರು ಮುಟ್ಟಿದರೆ ತಾಯಿ ಮರಿ ಬಿಟ್ಟುಬಿಡುತ್ತೆ ಅನ್ನುವುದು ಪೂರ್ತಿ ನಿಜವಲ್ಲ. ಪದೇ ಪದೇ ಕೆದಕಿದರೆ ಜಾಗ ಬದಲಿಸುತ್ತೆ ಅಷ್ಟೇ. ಎರಡರಿಂದ ಏಳು ವಾರದೊಳಗೆ ಮೆಲ್ಲಗೆ ಎತ್ತಿ ಆಡಿಸಿದ ಮರಿ ಜನರಿಗೆ ಹೊಂದಿಕೊಳ್ಳುತ್ತೆ. ಹಸುವಿನ ಹಾಲು ಮಾತ್ರ ಕುಡಿಸಬೇಡಿ, ಭೇದಿಯಾಗುತ್ತೆ.

ನಾಲ್ಕೈದು ವಾರಕ್ಕೆ ತಾಯಿ ಸತ್ತ ಇಲಿ ತಂದು ಮುಂದೆ ಇಡುತ್ತೆ. ಆಮೇಲೆ ಅರೆಜೀವದ ಇಲಿ ತಂದು ಬಿಟ್ಟು, ತಾನು ಪಕ್ಕದಲ್ಲಿ ಕೂತು ನೋಡುತ್ತೆ. ತಪ್ಪಿಸಿಕೊಂಡರೆ ಮತ್ತೆ ಹಿಡಿದು ಕೊಡುತ್ತೆ. ನಮ್ಮ ಲೆಕ್ಕದ ಪಾಠವೂ ಹಂಗೇ ಅಲ್ಲವೇ? ಬೇಗ ಕಿತ್ತುಕೊಂಡು ಹೋದ ಮರಿಗೆ ಈ ಪಾಠ ತಪ್ಪುತ್ತೆ. ಎಂಟು ವಾರವಾದರೂ ತಾಯಿ ಜೊತೆ ಬಿಡಬೇಕು.

ಮರಿ ಹಾಲು ಬಿಡುವ ಹೊತ್ತಿಗೆ, ಕೆಲವೊಮ್ಮೆ ಅದಕ್ಕೂ ಮೊದಲೇ, ತಾಯಿ ಮತ್ತೆ ಬೆದೆಗೆ ಬರುತ್ತೆ. ವರ್ಷಕ್ಕೆ ಎರಡು ಮೂರು ಸೂಲು ಆಗಬಹುದು. ಇಷ್ಟೊಂದು ಬೇಡ ಅನ್ನುವವರಿಗೆ ಪಶುವೈದ್ಯರು ಮಾಡುವ ಸಂತಾನಹರಣ ಶಸ್ತ್ರಚಿಕಿತ್ಸೆ ಇದೆ. ಚೀಲಕ್ಕಿಂತ ಅದು ಎಷ್ಟೋ ಮೇಲು.

ನಮ್ಮ ಮರಿಗಳಿಗೆ ಈಗ ಆರು ವಾರ. ಕಪ್ಪು-ಕೆಂಪಿನ ಹೆಣ್ಣನ್ನು ಪಕ್ಕದ ಮನೆಯವರು ಕೇಳಿದ್ದಾರೆ. ಉಳಿದ ಎರಡಕ್ಕೆ ಮನೆ ಸಿಗದಿದ್ದರೆ ಅಪ್ಪ ಸಂತೆಗೆ ಒಯ್ದು ಬಿಡುತ್ತಾರಂತೆ. ಮನೆಯಲ್ಲಿ ಇಲಿ ಕಾಟ ಇರುವವರು ಮಧ್ಯಾಹ್ನ ಊಟದ ಹೊತ್ತಿನಲ್ಲಿ 9ನೇ ತರಗತಿಗೆ ಬಂದು ನನ್ನನ್ನು ಕೇಳಿ. ಆದರೆ ಇನ್ನೆರಡು ವಾರ ತುಂಬುವ ತನಕ ಕೊಡುವುದಿಲ್ಲ.