ಗೆರಟೆಯೊಳಗಿನ ಗುಟ್ಟು

ಮಕ್ಕಳೇ, ನಮ್ಮ ಕಾಸರಗೋಡಿನ ಮನೆಗಳಲ್ಲಿ ತೆಂಗಿನಕಾಯಿ ಇಲ್ಲದೆ ಅಡುಗೆಯಿಲ್ಲ. ಕಾಯಿ ತುರಿದ ಮೇಲೆ ಉಳಿಯುವ ಗೆರಟೆಯನ್ನು ಏನು ಮಾಡುತ್ತೀರಿ? ಕೆಲವರು ಒಲೆಗೆ ಹಾಕುತ್ತಾರೆ. ಕೆಲವರು ಎಸೆಯುತ್ತಾರೆ. ಅದೇ ಗೆರಟೆಯಿಂದ ಒಂದು ಅನಿಲವನ್ನು ಹಿಡಿದಿಡಬಹುದು ಎಂದರೆ ನಂಬುತ್ತೀರಾ?

ಆ ಅನಿಲವೇ ಇಂಗಾಲದ ಡೈಆಕ್ಸೈಡ್. ನಾವು ಹೊರಬಿಡುವ ಉಸಿರಿನಲ್ಲಿ ಅದಿದೆ. ಗಿಡಮರಗಳು ಆಹಾರ ತಯಾರಿಸಲು ಅದನ್ನು ಬಳಸುತ್ತವೆ. ಆದರೆ ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಉರಿಸಿದಾಗ ಅದು ಮಿತಿಮೀರುತ್ತದೆ. ಸುಮಾರು 250 ವರ್ಷಗಳ ಹಿಂದೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು ಸುಮಾರು 280 ಪಾಲು ಇತ್ತು. ಈಗ 420 ಪಾಲನ್ನು ದಾಟಿದೆ. ಅದು ಶಾಖವನ್ನು ತಡೆದಿಡುವುದರಿಂದ ಭೂಮಿ ಬಿಸಿಯಾಗುತ್ತಿದೆ.

ಗೆರಟೆ ಈ ಅನಿಲವನ್ನು ಹಿಡಿಯುವುದು ಹೇಗೆ? ಗೆರಟೆಯನ್ನು ಗಾಳಿ ತಾಗದಂತೆ ಕಾಯಿಸಿದರೆ ಅದು ಬೂದಿಯಾಗದೆ ಇದ್ದಿಲಾಗುತ್ತದೆ. ಸುಮಾರು 900 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಆ ಇದ್ದಿಲಿನ ಮೂಲಕ ನೀರಿನ ಹಬೆಯನ್ನು ಹಾಯಿಸುತ್ತಾರೆ. ಆಗ ಅದರೊಳಗೆ ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳು ಮೂಡುತ್ತವೆ. ಇದೇ ಸಕ್ರಿಯ ಇದ್ದಿಲು. ಇಂತಹ ಒಂದು ಗ್ರಾಂ ಇದ್ದಿಲಿನ ರಂಧ್ರಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1000 ಚದರ ಮೀಟರ್, ಅಂದರೆ 25 ಸೆಂಟ್ಸ್ ಜಾಗ ಬೇಕು! ಆ ಗೋಡೆಗಳಿಗೆ ಅನಿಲದ ಕಣಗಳು ಅಂಟಿಕೊಳ್ಳುತ್ತವೆ. ಕಾಫಿ ಚರಟ, ಕಿತ್ತಳೆ ಸಿಪ್ಪೆಗಳಿಂದಲೂ ವಿಜ್ಞಾನಿಗಳು ಇಂತಹ ಇದ್ದಿಲನ್ನು ತಯಾರಿಸಿದ್ದಾರೆ.

ಆದರೆ ಒಂದು ಮಾತು ನೆನಪಿಡಿ. ಈ ಇದ್ದಿಲನ್ನು ಬಿಸಿ ಮಾಡಿದರೆ ಹಿಡಿದ ಅನಿಲ ಮತ್ತೆ ಹೊರಬರುತ್ತದೆ. ಅದು ಗಾಳಿಗೆ ಸೇರದಂತೆ ನೆಲದಾಳದ ಬಂಡೆಗಳಲ್ಲಿ ಭದ್ರಪಡಿಸಬೇಕು. ಇದ್ದಿಲು ತಯಾರಿಸಲೂ ಇಂಧನ ಬೇಕು. ಆದುದರಿಂದ ಅನಿಲವನ್ನು ಬಿಟ್ಟು ಹಿಡಿಯುವುದಕ್ಕಿಂತ ಬಿಡದಿರುವುದೇ ಮೇಲು.

ವಿಶ್ವಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ಕಸವಾಯಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳದ್ದು. ಅಷ್ಟು ಆಹಾರ ಬೆಳೆಯಲು, ಸಾಗಿಸಲು, ಬೇಯಿಸಲು ಉರಿಸಿದ ಇಂಧನವೂ ವ್ಯರ್ಥ. ಕಸದ ರಾಶಿಯಲ್ಲಿ ಕೊಳೆತ ಆಹಾರದಿಂದ ಮೀಥೇನ್ ಎಂಬ ಅನಿಲ ಹೊರಡುತ್ತದೆ. ಅದೂ ಭೂಮಿಯನ್ನು ಬಿಸಿ ಮಾಡುತ್ತದೆ.

ಗೆರಟೆಯನ್ನು ನಾವು ತಿನ್ನಲಾರೆವು, ಅದು ಇದ್ದಿಲಾಗಲಿ. ಬಟ್ಟಲಿನ ಅನ್ನ ಹೊಟ್ಟೆಗೇ ಸೇರಲಿ. ಇಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಬೇಕಾದಷ್ಟೇ ಬಡಿಸಿಕೊಳ್ಳುತ್ತೀರಲ್ಲವೇ?

ಅಭ್ಯಾಸ
1. ಗೆರಟೆ ಬೂದಿಯಾಗದೆ ಇದ್ದಿಲಾಗಲು ಏನು ಮಾಡಬೇಕು?
2. ‘ಬಿಟ್ಟು ಹಿಡಿಯುವುದಕ್ಕಿಂತ ಬಿಡದಿರುವುದೇ ಮೇಲು.’ ಈ ಮಾತಿಗೆ ಕಾರಣಗಳನ್ನು ಬರೆಯಿರಿ.
3. ನಿಮ್ಮ ತರಗತಿಯಲ್ಲಿ ಉಳಿಯುವ ಊಟವನ್ನು ಒಂದು ವಾರ ತೂಗಿ ಪಟ್ಟಿ ಮಾಡಿರಿ. ಅದನ್ನು ಕಡಿಮೆ ಮಾಡುವ ದಾರಿಗಳನ್ನು ಚರ್ಚಿಸಿರಿ.