ಉತ್ತರಕುಮಾರನ ಉಳಿದ ಅರ್ಧ ಕಥೆ

ಗೆಳೆಯರೇ, ಕಥೆಗಳಲ್ಲಿ ಹುಟ್ಟಿನಿಂದಲೇ ವೀರರಾದವರು ಇರುತ್ತಾರೆ. ಹೆದರುತ್ತ ಹೆದರುತ್ತ ವೀರರಾದವರೂ ಇರುತ್ತಾರೆ. ‘ಉತ್ತರನ ಪೌರುಷ ಒಲೆ ಮುಂದೆ’ ಎಂಬ ಗಾದೆ ಎಲ್ಲರಿಗೂ ಗೊತ್ತು. ಭಾಷಣಕ್ಕೆ ನಿಂತು ಹೆದರಿ ಕೆಳಗಿಳಿದಾಗ ನನಗೂ ನೀವು ಉತ್ತರಕುಮಾರ ಅಂದ್ರಿ. ಆದರೆ ಗಾದೆ ಅರ್ಧ ಕಥೆ ಮಾತ್ರ ಹೇಳುತ್ತದೆ.

ಉತ್ತರ ವಿರಾಟರಾಜನ ಮಗ. ಕೌರವರು ದನಗಳನ್ನು ಹಿಡಿದಾಗ ಹೆಂಗಸರ ಮುಂದೆ ಜಂಬ ಕೊಚ್ಚಿದ. ಸೈನ್ಯ ಕಂಡ ಕೂಡಲೇ ರಥದಿಂದ ಧುಮುಕಿ ಓಡಿದ. ಗದುಗಿನ ಕುಮಾರವ್ಯಾಸ ಇದನ್ನು ನಗು ಬರುವಂತೆ ಬರೆದಿದ್ದಾನೆ. ಸಾರಥಿ ಬೃಹನ್ನಳೆ, ಅಂದರೆ ವೇಷ ಮರೆಸಿದ್ದ ಅರ್ಜುನ, ಅವನನ್ನು ಹಿಡಿದು ತಂದ. ಆದರೆ ಮನೆಗೆ ಅಟ್ಟಲಿಲ್ಲ. ರಥ ನೀನು ಹೊಡಿ, ಯುದ್ಧ ನಾನು ಮಾಡ್ತೀನಿ ಎಂದ. ನಾವು ದಸರೆಗೆ ಎಲೆ ಹಂಚುವ ಬನ್ನಿ ಮರ ಇದೆಯಲ್ಲ, ಅಂಥ ಮರ ಹತ್ತಿ ಪಾಂಡವರ ಆಯುಧ ಇಳಿಸಿದವನು ಉತ್ತರನೇ.

ಗೆದ್ದು ಬಂದಾಗ ತಂದೆ ಮಗನನ್ನೇ ಹೊಗಳಿದ. ಉತ್ತರ ಮಾತ್ರ, ಗೆದ್ದವನು ನಾನಲ್ಲ ಎಂದ. ಜಂಬ ಹೋಗಿತ್ತು. ಮುಂದೆ ಕುರುಕ್ಷೇತ್ರದ ಮೊದಲನೇ ದಿನ ಶಲ್ಯನ ಎದುರು ಹೋರಾಡಿ ಸತ್ತ. ಓಡಲಿಲ್ಲ.

ತಿಳಿಯಬೇಕಾದದ್ದು: ಹೆದರುವುದು ತಪ್ಪಲ್ಲ. ಹೆದರಿದವನಿಗೆ ನಗುವವರಿಗಿಂತ ಕೈ ಹಿಡಿಯುವವರು ಬೇಕು. ಆಗಸ್ಟ್ 15ಕ್ಕೆ ಮತ್ತೆ ಭಾಷಣಕ್ಕೆ ನಿಲ್ತೀನಿ. ಯಾರಾದ್ರೂ ಒಬ್ರು ಬಾಜೂಕ ನಿಲ್ರಿ.

— 7ನೇ ತರಗತಿ ವಿದ್ಯಾರ್ಥಿ, ಜೇವರ್ಗಿ ಕಾಲೋನಿ